ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿದ್ದೇನೆ, ಕಚೇರಿಗೆ ಹೇಳಬೇಕೇ?

ಪ್ರಶ್ನೆ: ಎಂಟು ತಿಂಗಳಿಂದ ಖಿನ್ನತೆ ಮತ್ತು ಆತಂಕಕ್ಕೆ ಔಷಧಿ ತೆಗೆದುಕೊಳ್ಳುತ್ತಿದ್ದೇನೆ. ಹೊಸ ಮ್ಯಾನೇಜರ್ ಬಂದ ಮೇಲೆ ಟಾರ್ಗೆಟ್ ಎರಡು ಪಟ್ಟಾಗಿದೆ. ರಾತ್ರಿ ಹನ್ನೊಂದಕ್ಕೂ ಮೆಸೇಜ್ ಬರುತ್ತದೆ, ಮೀಟಿಂಗಿನಲ್ಲಿ ಎಲ್ಲರೆದುರು ಬೈಗುಳ. ಒಬ್ಬ ಸಹೋದ್ಯೋಗಿಗೆ ಬಿಟ್ಟರೆ ಬೇರೆ ಯಾರಿಗೂ ಹೇಳಿಲ್ಲ. ಈಚೆಗೆ ರಜೆ ಹಾಕಿದ್ದಕ್ಕೆ ಎಚ್.ಆರ್. ವಿಭಾಗದವರು ಫಿಟ್‌ನೆಸ್ ಸರ್ಟಿಫಿಕೇಟ್ ಕೇಳಿದ್ದಾರೆ. ಕಾಯಿಲೆಯ ವಿಷಯ ಹೇಳಿದರೆ ಕೆಲಸ ಹೋಗುತ್ತದೆಯೇ? ಕಾಯಿಲೆ ಬಂದದ್ದೇ ಕೆಲಸದಿಂದ ಎಂದರೆ ಕಾನೂನು ಒಪ್ಪುತ್ತದೆಯೇ? ನಮ್ಮ ಕಂಪನಿಗೆ ಹಲವು ದೇಶಗಳಲ್ಲಿ ಕಚೇರಿಗಳಿವೆ, ನನಗೆ ವರ್ಗವಾಗಲೂಬಹುದು. ಹಾಗಾಗಿ ಒಂದೇ ದೇಶದ ಉತ್ತರ ನನಗೆ ಸಾಲದು.

ಉತ್ತರ: ಕಾಯಿಲೆಯ ಹೆಸರನ್ನು ನೀವು ಈಗಲೇ ಹೇಳಬೇಕಾಗಿಲ್ಲ. ಆದರೆ ನಿಮಗೆ ಆರೋಗ್ಯದ ತೊಂದರೆ ಇದೆ, ಅದರಿಂದ ಕೆಲಸದಲ್ಲಿ ಇಂಥಿಂಥ ಕಷ್ಟವಾಗುತ್ತಿದೆ, ಇಂಥ ಬದಲಾವಣೆ ಬೇಕು ಎಂಬುದನ್ನು ಆದಷ್ಟು ಬೇಗ ಬರೆದು ಕೊಡಿ. ಬಾಯಲ್ಲಿ ಹೇಳಿದರೆ ಸಾಲದು. ಸಹೋದ್ಯೋಗಿಗೆ ಹೇಳಿದ್ದನ್ನು ಸಂಸ್ಥೆಗೆ ತಿಳಿಸಿದ್ದು ಎಂದು ಸಾಮಾನ್ಯವಾಗಿ ಯಾವ ಕೋರ್ಟೂ ಪರಿಗಣಿಸುವುದಿಲ್ಲ. ಬರವಣಿಗೆಗೆ ನಾನು ಇಷ್ಟು ಒತ್ತು ಕೊಡಲು ಕಾರಣವಿದೆ. ಕೆಲಸದ ಜಾಗದ ಮಾನಸಿಕ ಆರೋಗ್ಯದ ಬಗ್ಗೆ ಒಂದೊಂದು ದೇಶದಲ್ಲಿ ಒಂದೊಂದು ಕಾಯ್ದೆ ಇದ್ದರೂ ಬಹುಪಾಲು ತೀರ್ಪುಗಳು ಕೊನೆಗೆ ಬಂದು ನಿಲ್ಲುವುದು ಒಂದೇ ಪ್ರಶ್ನೆಯ ಮುಂದೆ: ಸಂಸ್ಥೆಗೆ ಇದು ಯಾವಾಗ ಗೊತ್ತಾಯಿತು, ಗೊತ್ತಾದ ಮೇಲೆ ಅದು ಏನು ಮಾಡಿತು?

ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಹೆಣೆದುಕೊಂಡಿವೆ, ಮೊದಲು ಅವನ್ನು ಬಿಡಿಸಿಕೊಳ್ಳಬೇಕು. ಕಾಯಿಲೆ ಇದೆ ಎಂಬ ಕಾರಣಕ್ಕೆ ನಿಮ್ಮನ್ನು ತೆಗೆದುಹಾಕಬಹುದೇ ಎಂಬುದು ಒಂದು. ಇದಕ್ಕೆ ಉತ್ತರ ಇರುವುದು ಅಂಗವೈಕಲ್ಯ ಮತ್ತು ಸಮಾನತೆಯ ಕಾನೂನಿನಲ್ಲಿ. ಕೆಲಸದಿಂದಲೇ ಕಾಯಿಲೆ ಬಂದರೆ ಹೊಣೆ ಯಾರದು ಎಂಬುದು ಇನ್ನೊಂದು. ಅದನ್ನು ನೋಡುವುದು ಕೆಲಸದ ಸುರಕ್ಷತೆ ಮತ್ತು ಪರಿಹಾರದ ಕಾನೂನು. ಸಾಬೀತುಪಡಿಸಬೇಕಾದ ವಿಷಯ, ಹೋಗಬೇಕಾದ ಕಚೇರಿ, ದೂರು ಕೊಡಲು ಇರುವ ಗಡುವು ಎಲ್ಲವೂ ಇವೆರಡರಲ್ಲಿ ಬೇರೆ. ಎರಡನ್ನೂ ಒಂದೇ ಅರ್ಜಿಯಲ್ಲಿ ಸುರಿದು ಎರಡನ್ನೂ ಕಳೆದುಕೊಂಡವರು ಬಹಳ ಮಂದಿ.

ಮೊದಲನೆಯದರಲ್ಲಿ ಕಾನೂನು ಸಾಕಷ್ಟು ಮುಂದೆ ಬಂದಿದೆ. 2006ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆ ದೀರ್ಘಕಾಲದ ಮಾನಸಿಕ ತೊಂದರೆಯನ್ನೂ ತನ್ನ ವ್ಯಾಪ್ತಿಗೆ ತಂದಿತು. ಅದರ 27ನೇ ವಿಧಿ ಉದ್ಯೋಗದ ಹಕ್ಕಿನದು. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೇ ಒಡಂಬಡಿಕೆಯ ಫಲ. ಬ್ರಿಟನ್ನಿನಲ್ಲಿ 2010ರ ಸಮಾನತೆ ಕಾಯ್ದೆ ಇದೆ, ಅಮೆರಿಕದಲ್ಲಿ ಇನ್ನೂ ಹಿಂದೆಯೇ, 1990ರಲ್ಲಿ, ಅಂಗವಿಕಲರ ಕಾಯ್ದೆ ಬಂತು. ಈ ಎಲ್ಲದರ ತಿರುಳು ಒಂದೇ. ರೋಗದ ಹೆಸರು ನೋಡಿ ರಕ್ಷಣೆ ಸಿಗುವುದಿಲ್ಲ. ಆ ತೊಂದರೆ ನಿಮ್ಮ ದಿನನಿತ್ಯದ ಬದುಕನ್ನು ಎಷ್ಟು ಆಳವಾಗಿ, ಎಷ್ಟು ಕಾಲದಿಂದ ತಡೆಯುತ್ತಿದೆ ಎಂಬುದೇ ಮುಖ್ಯ. ಬ್ರಿಟನ್ನಿನಲ್ಲಿ ಅದು 12 ತಿಂಗಳು ಇದ್ದಿರಬೇಕು, ಇಲ್ಲವೇ ಅಷ್ಟು ಕಾಲ ಇರುವ ಸಂಭವ ಇರಬೇಕು. ಎಂಟು ತಿಂಗಳಾದ ನಿಮ್ಮಂಥವರಿಗೆ ಆ ಎರಡನೆಯ ಭಾಗವೇ ಆಸರೆ. ಔಷಧಿಯಿಂದ ನೀವು ಮೇಲ್ನೋಟಕ್ಕೆ ಚೆನ್ನಾಗಿ ಕಾಣುತ್ತಿದ್ದರೂ ಔಷಧಿ ಇಲ್ಲದಿದ್ದರೆ ಹೇಗಿರುತ್ತಿತ್ತು ಎಂದೇ ಅಲ್ಲಿ ನೋಡಬೇಕು. ಅಮೆರಿಕ 2008ರಲ್ಲಿ ತಿದ್ದುಪಡಿ ತಂದು, ಆಗಾಗ ಮರುಕಳಿಸುವ ಕಾಯಿಲೆಯನ್ನು ಅದು ಉಲ್ಬಣಿಸಿದಾಗಿನ ಸ್ಥಿತಿಯಿಂದ ಅಳೆಯಬೇಕು ಎಂದಿತು. ಇಂದು ಎದ್ದು ಕೆಲಸಕ್ಕೆ ಬಂದವರು ಮುಂದಿನ ವಾರ ಹಾಸಿಗೆಯಿಂದ ಏಳಲಾರದೆ ಹೋಗಬಹುದು ಎಂಬುದನ್ನು ಅರ್ಥಮಾಡಿಕೊಂಡ ಕಾನೂನು ಇದು. ಬೇರೆ ದೇಶಗಳೂ ಇದನ್ನು ಇಷ್ಟೇ ಬಿಡಿಸಿ ಹೇಳಿದ್ದರೆ ಎಷ್ಟೋ ವ್ಯಾಜ್ಯಗಳು ಹುಟ್ಟುತ್ತಲೇ ಇರಲಿಲ್ಲ.

ರಕ್ಷಣೆ ಎಂದರೆ ತೆಗೆದುಹಾಕದಿರುವುದಷ್ಟೇ ಅಲ್ಲ, ಕೆಲಸವನ್ನು ನಿಮಗೆ ತಕ್ಕಂತೆ ಒಂದಿಷ್ಟು ಹೊಂದಿಸಿಕೊಡುವುದೂ ಅದರಲ್ಲಿ ಸೇರಿದೆ. ಬೆಳಗಿನ ಹೊತ್ತು ಔಷಧಿಯ ಮಂಪರು ಇದ್ದರೆ ಕೆಲಸದ ಸಮಯವನ್ನು ಮುಂದಕ್ಕೆ ಹಾಕುವುದು, ರಾತ್ರಿ ಪಾಳಿ ತಪ್ಪಿಸುವುದು, ವೈದ್ಯರನ್ನು ನೋಡುವ ದಿನ ರಜೆ ಕೊಡುವುದು, ಸೂಚನೆಗಳನ್ನು ಬಾಯಲ್ಲಿ ಎಸೆಯುವ ಬದಲು ಬರೆದು ಕೊಡುವುದು, ಗದ್ದಲವಿಲ್ಲದ ಕಡೆ ಕೂರಿಸುವುದು, ದೀರ್ಘ ರಜೆಯಿಂದ ಬಂದವರಿಗೆ ಹಂತಹಂತವಾಗಿ ಕೆಲಸ ಹೆಚ್ಚಿಸುವುದು. ಇವುಗಳಲ್ಲಿ ಬಹಳಷ್ಟಕ್ಕೆ ದುಡ್ಡೇ ಬೇಡ. ಆದರೆ ಎಲ್ಲವನ್ನೂ ಕೇಳಲಾಗದು. ಅಮೆರಿಕದ ಸಮಾನ ಉದ್ಯೋಗಾವಕಾಶ ಆಯೋಗ ತನ್ನ ಮಾರ್ಗಸೂಚಿಯಲ್ಲಿ ಇದನ್ನು ಬಿಡಿಸಿ ಹೇಳಿದೆ: ಮ್ಯಾನೇಜರನ್ನೇ ಬದಲಿಸಿಕೊಡಬೇಕೆಂಬ ನಿರ್ಬಂಧ ಸಂಸ್ಥೆಯ ಮೇಲಿಲ್ಲ, ಆದರೆ ಆ ಮ್ಯಾನೇಜರ್ ಕೆಲಸ ಹೇಳುವ, ತಿದ್ದುವ ರೀತಿಯನ್ನು ಬದಲಿಸಬೇಕಾಗಬಹುದು. ನಿಮ್ಮ ಪತ್ರದಲ್ಲಿ ‘ಮ್ಯಾನೇಜರನ್ನು ಬದಲಿಸಿ’ ಎಂದು ಬರೆಯುವುದಕ್ಕಿಂತ ‘ತಪ್ಪುಗಳನ್ನು ಎಲ್ಲರೆದುರು ಹೇಳದೆ ನನಗೆ ಬರೆದು ತಿಳಿಸಿ’ ಎಂದು ಬರೆಯುವುದು ಕಾನೂನಿನ ಕಣ್ಣಿಗೆ ಗಟ್ಟಿ ಬೇಡಿಕೆ. ಹಾಗೆಯೇ, ಆ ಹುದ್ದೆಯಲ್ಲಿರುವ ಎಲ್ಲರಿಗೂ ಇರುವ ಕೆಲಸದ ಅಳತೆಯನ್ನು ನಿಮಗೊಬ್ಬರಿಗೆ ಇಳಿಸಬೇಕೆಂದು ಅಲ್ಲಿನ ಕಾನೂನು ಒತ್ತಾಯಿಸುವುದಿಲ್ಲ. ನಿಮ್ಮ ಟಾರ್ಗೆಟ್ ಎರಡು ಪಟ್ಟಾದದ್ದು ಎಲ್ಲರಿಗೋ ನಿಮಗೆ ಮಾತ್ರವೋ ಎಂಬುದು ಈ ಕಾರಣಕ್ಕೆ ಮುಖ್ಯ. ಅದನ್ನು ಪತ್ತೆಹಚ್ಚಿ.

ಭಾರತದ ಸ್ಥಿತಿಯಲ್ಲಿ ಒಂದು ಒಡಕು ಇದೆ. 2016ರ ಕಾಯ್ದೆಯ 20ನೇ ಸೆಕ್ಷನ್ ಗಟ್ಟಿಯಾಗಿದೆ: ಉದ್ಯೋಗದಲ್ಲಿ ತಾರತಮ್ಯ ಕೂಡದು, ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದರೆ ವಜಾ ಮಾಡುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ, ಇದ್ದ ಕೆಲಸ ಆಗದಿದ್ದರೆ ಅದೇ ಸಂಬಳದಲ್ಲಿ ಬೇರೆ ಹುದ್ದೆ ಕೊಡಬೇಕು. ಆದರೆ ಈ ಸೆಕ್ಷನ್ ನೇರವಾಗಿ ಕಟ್ಟಿಹಾಕುವುದು ಸರ್ಕಾರಿ ಸಂಸ್ಥೆಗಳನ್ನು. ಖಾಸಗಿ ಕಂಪನಿಗೆ ಮುಖ್ಯವಾಗಿ 21ನೇ ಸೆಕ್ಷನ್ ಅನ್ವಯಿಸುತ್ತದೆ. ಪ್ರತಿ ಸಂಸ್ಥೆಯೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು, 20 ಅಥವಾ ಹೆಚ್ಚು ನೌಕರರಿದ್ದರೆ ಅದರಲ್ಲಿ ಸೌಲಭ್ಯಗಳ ವಿವರ ಇರಬೇಕು ಎನ್ನುತ್ತದೆ ಅದು ಮತ್ತು ಅದರಡಿಯ ನಿಯಮ. ಎಚ್.ಆರ್. ವಿಭಾಗಕ್ಕೆ ಹೋದಾಗ ಮೊದಲು ಕೇಳಬೇಕಾದ ಕಾಗದ ಇದೇ. ನೀತಿ ಇದ್ದರೆ ಅದರ ಮಾತನ್ನೇ ಹಿಡಿದು ಬರೆಯಿರಿ. ಇಲ್ಲದಿದ್ದರೆ ಅದು ಇಲ್ಲವೆಂಬುದೇ ಅಂಗವಿಕಲರ ಆಯುಕ್ತರ ಮುಂದೆ ಹೇಳಬಹುದಾದ ಲೋಪ. ಅಂಗವೈಕಲ್ಯ ಕನಿಷ್ಠ ಶೇಕಡಾ 40 ಇದೆ ಎಂಬ ಪ್ರಮಾಣಪತ್ರ ಮೀಸಲಾತಿಯಂಥ ಸೌಲಭ್ಯಗಳಿಗೆ ಬೇಕಾದದ್ದು. ತಾರತಮ್ಯದ ವಿರುದ್ಧ ಮಾತಾಡಲೂ ಆ ಪ್ರಮಾಣಪತ್ರ ಬೇಕೇ ಬೇಕು ಎಂದು ಹಲವರು ತಪ್ಪು ತಿಳಿದು ಸುಮ್ಮನಾಗುತ್ತಾರೆ.

ಭಾರತದ ಸುಪ್ರೀಂ ಕೋರ್ಟ್ 2021ರ ಡಿಸೆಂಬರ್ 17ರಂದು ಕೊಟ್ಟ ರವೀಂದರ್ ಕುಮಾರ್ ಧರಿವಾಲ್ ಪ್ರಕರಣದ ತೀರ್ಪನ್ನು ಈ ವಿಷಯದಲ್ಲಿ ಕಾಳಜಿ ಇರುವ ಪ್ರತಿಯೊಬ್ಬರೂ ಓದಬೇಕು. ಅರ್ಜಿದಾರರು ಕೇಂದ್ರ ಮೀಸಲು ಪೊಲೀಸ್ ಪಡೆಯ ಅಧಿಕಾರಿ. 2009ರಿಂದ ಗೀಳು ಮನೋರೋಗ ಮತ್ತು ಖಿನ್ನತೆಗೆ ಚಿಕಿತ್ಸೆಯಲ್ಲಿದ್ದರು. ಅವರ ನಡವಳಿಕೆಯ ಮೇಲೆ ಇಲಾಖಾ ವಿಚಾರಣೆ ಶುರುವಾಯಿತು. ದುರ್ನಡತೆ ಎಂದು ಇಲಾಖೆ ಹೇಳಿದ್ದು ಕಾಯಿಲೆಯ ಫಲವಾಗಿದ್ದರೆ? ಕಾಯಿಲೆಯೊಂದೇ ಕಾರಣ ಎಂದು ಸಾಬೀತು ಮಾಡಬೇಕಿಲ್ಲ, ಅದು ಕಾರಣಗಳಲ್ಲಿ ಒಂದಾಗಿದ್ದರೂ ಸಾಕು ಎಂದಿತು ಪೀಠ. ಮಾನಸಿಕ ತೊಂದರೆ ಇರುವವರು ಬೇರೆಯವರಿಗಿಂತ ಸುಲಭವಾಗಿ ಶಿಸ್ತುಕ್ರಮದ ಬಾಯಿಗೆ ಬೀಳುತ್ತಾರೆ, ಆದ್ದರಿಂದ ಅಂಥ ಕ್ರಮವೇ ಪರೋಕ್ಷ ತಾರತಮ್ಯ ಎಂದು ಗುರುತಿಸಿತು. ಇದರ ಜೊತೆಗೆ ಕೋರ್ಟು ಸುರಕ್ಷತೆಯನ್ನೂ ಕಡೆಗಣಿಸಲಿಲ್ಲ. ಸಂಬಳ, ಸೇವಾ ಷರತ್ತು ಕಾಪಾಡಿ ಬೇರೆ ಹುದ್ದೆ ಕೊಡುವಾಗ ಬಂದೂಕು ಬಳಸುವ ಕೆಲಸದಿಂದ ದೂರ ಇಡಲು ಇಲಾಖೆಗೆ ಅವಕಾಶ ಕೊಟ್ಟಿತು. ವ್ಯಕ್ತಿಯ ಘನತೆ, ಸುತ್ತಲಿನವರ ಸುರಕ್ಷತೆ ಎರಡನ್ನೂ ಹೀಗೆ ಒಟ್ಟಿಗೆ ಹಿಡಿಯಬಹುದು ಎಂದು ತೋರಿಸಿದ್ದಕ್ಕಾಗಿ ಈ ತೀರ್ಪಿನ ಬಗ್ಗೆ ನನಗೆ ದೊಡ್ಡ ಗೌರವವಿದೆ.

ನಿಮಗೆ ಇದರಿಂದ ಏನು ಉಪಯೋಗ? ತಡವಾಗಿ ಬಂದಿರಿ, ಮೇಲ್‌ಗೆ ಉತ್ತರಿಸಲಿಲ್ಲ, ಗಡುವು ತಪ್ಪಿತು ಎಂದು ಮೆಮೊ ಬಂದರೆ ಕ್ಷಮೆ ಕೇಳಿ ಮುಗಿಸಬೇಡಿ. ಅದು ಆರೋಗ್ಯದ ಕಾರಣದಿಂದ ಆದದ್ದು ಎಂಬುದನ್ನು ಮೆಮೊ ಉತ್ತರದಲ್ಲೇ ದಾಖಲಿಸಿ. ಶಿಸ್ತುಕ್ರಮ ಮುಗಿದ ಮೇಲೆ ಮೊದಲ ಬಾರಿಗೆ ಕಾಯಿಲೆಯ ಮಾತು ಎತ್ತಿದರೆ ಅದನ್ನು ನೆಪ ಎಂದೇ ಎದುರು ಪಕ್ಷದ ವಕೀಲರು ವಾದಿಸುತ್ತಾರೆ.

ಇನ್ನು ಎರಡನೆಯ ಪ್ರಶ್ನೆ. ಕೆಲಸದಿಂದಲೇ ಕಾಯಿಲೆ ಬಂತು ಎಂಬ ಮಾತು ಕೋರ್ಟಿನಲ್ಲಿ ನಿಲ್ಲುವುದು ಕಷ್ಟ, ಆದರೆ ಅಸಾಧ್ಯವಲ್ಲ. ಇದರ ದಾರಿ ತೆರೆದದ್ದು ಇಂಗ್ಲೆಂಡಿನ ವಾಕರ್ ಪ್ರಕರಣ. ಜಾನ್ ವಾಕರ್ ನಾರ್ತಂಬರ್‌ಲೆಂಡ್ ಕೌಂಟಿಯಲ್ಲಿ ಸಮಾಜಸೇವಾ ವಿಭಾಗದ ಅಧಿಕಾರಿ. ಮಕ್ಕಳ ಮೇಲಿನ ದೌರ್ಜನ್ಯದ ಪ್ರಕರಣಗಳು ಏರುತ್ತಲೇ ಇದ್ದವು, ಸಿಬ್ಬಂದಿ ಹೆಚ್ಚಲಿಲ್ಲ. 1986ರ ನವೆಂಬರಿನಲ್ಲಿ ಅವರ ಮನಸ್ಸು ಕುಸಿಯಿತು. ಮರುವರ್ಷ ಮಾರ್ಚಿನಲ್ಲಿ ಕೆಲಸಕ್ಕೆ ಮರಳುವಾಗ ನೆರವಿಗೆ ಒಬ್ಬರನ್ನು ಕೊಡುತ್ತೇವೆ ಎಂದು ಮಾತು ಕೊಟ್ಟರು. ಆ ನೆರವು ತಿಂಗಳೊಳಗೆ ಹಿಂದೆ ಹೋಯಿತು. ಸೆಪ್ಟೆಂಬರಿನಲ್ಲಿ ಅವರು ಮತ್ತೆ ಕುಸಿದರು, ನಂತರ ಅವರನ್ನು ಕೆಲಸದಿಂದ ತೆಗೆಯಲಾಯಿತು. 1994ರ ನವೆಂಬರಿನಲ್ಲಿ ಬಂದ ತೀರ್ಪು ಮೊದಲ ಕುಸಿತಕ್ಕೆ ಸಂಸ್ಥೆ ಹೊಣೆಯಲ್ಲ ಎಂದಿತು, ಅದನ್ನು ಮುಂಗಾಣುವುದು ಸಾಧ್ಯವಿರಲಿಲ್ಲ. ಎರಡನೆಯದಕ್ಕೆ ಹೊಣೆ, ಏಕೆಂದರೆ ಅಷ್ಟರಲ್ಲಿ ಎಲ್ಲರಿಗೂ ಗೊತ್ತಿತ್ತು. ಮನುಷ್ಯ ಅದೇ, ಕೆಲಸ ಅದೇ, ಮೇಜೂ ಅದೇ. ಗೊತ್ತಿತ್ತೇ ಇಲ್ಲವೇ ಎಂಬುದಷ್ಟೇ ಬದಲಾದದ್ದು.

ಎಂಟು ವರ್ಷದ ನಂತರ, 2002ರಲ್ಲಿ, ಅಲ್ಲಿನ ಮೇಲ್ಮನವಿ ನ್ಯಾಯಾಲಯ ಹ್ಯಾಟನ್ ಪ್ರಕರಣದಲ್ಲಿ ಈ ತತ್ವವನ್ನು ಇನ್ನೂ ಬಿಗಿಗೊಳಿಸಿತು. ಬೇರೆ ಸುಳಿವು ಇಲ್ಲದಿದ್ದರೆ, ಆ ಕೆಲಸದ ಸಾಮಾನ್ಯ ಒತ್ತಡವನ್ನು ನೌಕರ ತಡೆದುಕೊಳ್ಳಬಲ್ಲ ಎಂದು ಸಂಸ್ಥೆ ಭಾವಿಸಿಕೊಳ್ಳಬಹುದು. ರಜೆ ಮುಗಿಸಿ ಬಂದವರು ಸುಮ್ಮನೆ ಕೆಲಸಕ್ಕೆ ಕುಳಿತರೆ ಅವರು ಗುಣವಾಗಿದ್ದಾರೆ ಎಂದು ತಿಳಿದುಕೊಳ್ಳಬಹುದು. ತೊಂದರೆಯನ್ನು ನುಂಗಿಕೊಂಡು ದುಡಿಯುವುದನ್ನು ಊರೆಲ್ಲ ಹೊಗಳುತ್ತದೆ, ಆದರೆ ಕೋರ್ಟಿನಲ್ಲಿ ಅದೇ ನಿಮಗೆ ಮುಳುವಾಗುತ್ತದೆ. ಇದು ನ್ಯಾಯವೇ ಎಂದು ಕೇಳಿದರೆ, ಅಲ್ಲ ಎನ್ನುವವನು ನಾನು. ಕಾಯಿಲೆಯೇ ಮಾತನ್ನು ಕಟ್ಟಿಹಾಕುತ್ತದೆ. ಖಿನ್ನತೆಯಲ್ಲಿರುವವರು ತಮ್ಮ ಪರವಾಗಿ ಒಂದು ಇಮೇಲ್ ಬರೆಯಲಾರದೆ ಇರುವುದು ಸೋಮಾರಿತನವಲ್ಲ, ಅದು ರೋಗದ ಲಕ್ಷಣ. ಆದರೂ ಕಾನೂನು ಹೀಗಿದೆ ಎಂಬ ಕಾರಣಕ್ಕೇ ಬರೆಯಿರಿ ಎಂದು ಹೇಳುತ್ತಿರುವುದು. ನಿಮ್ಮಿಂದ ಆಗದಿದ್ದರೆ ನಂಬಿಕೆಯ ಯಾರಾದರೂ ಬರೆದುಕೊಡಲಿ, ನೀವು ಓದಿ ಕಳುಹಿಸಿ.

ಜಪಾನಿನ ಅನುಭವ ಇನ್ನೂ ಕಠೋರ. 1991ರಲ್ಲಿ ಡೆಂಟ್ಸು ಎಂಬ ದೊಡ್ಡ ಜಾಹೀರಾತು ಸಂಸ್ಥೆಯಲ್ಲಿ ದುಡಿಯುತ್ತಿದ್ದ 24 ವರ್ಷದ ಯುವಕ ವಿಪರೀತ ಹೆಚ್ಚುವರಿ ದುಡಿಮೆಯ ನಡುವೆ ಖಿನ್ನತೆಗೆ ಬಿದ್ದು ಜೀವ ಕಳೆದುಕೊಂಡ. 2000ದ ಮಾರ್ಚಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಅತಿಯಾದ ದಣಿವು ನೌಕರನ ದೇಹ, ಮನಸ್ಸುಗಳನ್ನು ಕೆಡಿಸದಂತೆ ನೋಡಿಕೊಳ್ಳುವುದು ಸಂಸ್ಥೆಯ ಕರ್ತವ್ಯ ಎಂದಿತು. ಅವನ ಆರೋಗ್ಯ ಹದಗೆಡುತ್ತಿದ್ದುದು ಮೇಲಿನವರ ಕಣ್ಣಿಗೆ ಬಿದ್ದಿತ್ತು. ‘ಅವನದು ಅತಿ ಪ್ರಾಮಾಣಿಕ, ಅತಿ ಶ್ರದ್ಧೆಯ ಸ್ವಭಾವ, ಅದಕ್ಕೇ ಹೀಗಾಯಿತು’ ಎಂಬ ವಾದದ ಮೇಲೆ ಪರಿಹಾರವನ್ನು ಕಡಿತ ಮಾಡಲು ಕೋರ್ಟು ಒಪ್ಪಲಿಲ್ಲ. ಮನುಷ್ಯರ ಸ್ವಭಾವ ಬೇರೆ ಬೇರೆ ಇರುತ್ತದೆ, ಅದನ್ನು ನೋಡಿಯೇ ಕೆಲಸ ಹಂಚಬೇಕಾದವರು ಮೇಲಧಿಕಾರಿಗಳು. ‘ನೀವು ತುಂಬ ಸೂಕ್ಷ್ಮ’ ಎಂದು ನಿಮಗೆ ಯಾರಾದರೂ ಹೇಳಿದ್ದರೆ ಈ ತೀರ್ಪನ್ನು ನೆನಪಿಟ್ಟುಕೊಳ್ಳಿ. ದುಃಖದ ಸಂಗತಿಯೆಂದರೆ, 2015ರಲ್ಲಿ ಅದೇ ಸಂಸ್ಥೆಯಲ್ಲಿ ಅದೇ ವಯಸ್ಸಿನ ಯುವತಿಯೊಬ್ಬಳು ಹೀಗೆಯೇ ಸತ್ತಳು. ಆ ಸಾವಿನ ನಂತರ ಎದ್ದ ಆಕ್ರೋಶದ ನಡುವೆಯೇ 2019ರ ಏಪ್ರಿಲ್‌ನಲ್ಲಿ ಹೆಚ್ಚುವರಿ ದುಡಿಮೆಗೆ ಶಿಕ್ಷೆಸಹಿತ ಮಿತಿ ಬಂತು: ಸಾಮಾನ್ಯವಾಗಿ ತಿಂಗಳಿಗೆ 45 ಗಂಟೆ, ವರ್ಷಕ್ಕೆ 360. ಪರಿಹಾರ ಕೊಡಿಸುವ ತೀರ್ಪೊಂದೇ ಕೆಲಸದ ರೀತಿಯನ್ನು ಬದಲಿಸಲಾರದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

‘ಮೊದಲೇ ತಿಳಿಸಿರಬೇಕು’ ಎಂಬ ನಿಯಮಕ್ಕೆ ಒಂದು ಮುಖ್ಯ ಹೊರತು ಇದೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಲೈಂಗಿಕ ಅಪರಾಧಗಳ ಪ್ರಕರಣಗಳನ್ನಷ್ಟೇ ನೋಡುವ ಘಟಕದಲ್ಲಿದ್ದ ಸರ್ಕಾರಿ ವಕೀಲೆ ಕೊಜಾರೊವ್ ಅವರಿಗೆ ಆಘಾತೋತ್ತರ ಮಾನಸಿಕ ಕಾಯಿಲೆ ಬಂತು. 2022ರಲ್ಲಿ ಅಲ್ಲಿನ ಹೈಕೋರ್ಟ್, ಅಂದರೆ ಆ ದೇಶದ ಅತ್ಯುನ್ನತ ನ್ಯಾಯಾಲಯ, ಕೆಲಸದ ಸ್ವರೂಪವೇ ಸಂಸ್ಥೆಗೆ ಎಚ್ಚರಿಕೆ ಎಂದಿತು. ದಿನವೂ ಅಂಥ ವಿವರಗಳನ್ನು ಓದುವ, ನೋಡುವ ಕೆಲಸದಲ್ಲಿ ಮನಸ್ಸಿಗೆ ಗಾಯವಾಗುತ್ತದೆ ಎಂಬುದು ಗೊತ್ತಿದ್ದ ವಿಷಯ, ನೌಕರರು ಬಾಯಿಬಿಡಲಿ ಎಂದು ಕಾಯುವಂತಿಲ್ಲ. ಅದನ್ನು ತಡೆಯುವ ನೀತಿ ಆ ಕಚೇರಿಯಲ್ಲಿ ಕಾಗದದ ಮೇಲೆ ಇತ್ತು, ಆಚರಣೆಯಲ್ಲಿ ಇರಲಿಲ್ಲ. ಆಂಬುಲೆನ್ಸ್ ಸಿಬ್ಬಂದಿ, ಪೊಲೀಸರು, ಅಂತರ್ಜಾಲದ ಹಿಂಸೆಯ ದೃಶ್ಯಗಳನ್ನು ಸೋಸುವವರು ಇಂಥವರ ಪರವಾಗಿ ವಾದಿಸುವವರಿಗೆ ಈ ತೀರ್ಪು ದೊಡ್ಡ ಬಲ. ನಿಮ್ಮದು ಮಾಮೂಲಿ ಕಚೇರಿ ಕೆಲಸವಾದ್ದರಿಂದ ಇದು ನಿಮಗೆ ಒದಗುವುದು ಅನುಮಾನ.

ಗಾಯವಾದ ಮೇಲಿನ ಮಾತು ಇಷ್ಟು. ಗಾಯವಾಗದಂತೆ ತಡೆಯುವ ಕಾನೂನು ಇನ್ನೊಂದು ಬಗೆಯದು, ನನ್ನ ದೃಷ್ಟಿಯಲ್ಲಿ ಭವಿಷ್ಯ ಇರುವುದು ಅಲ್ಲೇ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1981ರ 155ನೇ ಒಪ್ಪಂದವೇ ಆರೋಗ್ಯ ಎಂಬುದರಲ್ಲಿ ದೇಹದ ಜೊತೆ ಮನಸ್ಸನ್ನೂ ಸೇರಿಸಿತ್ತು. ಯುರೋಪಿನ 1989ರ ನಿರ್ದೇಶನ ಕೆಲಸವನ್ನು ಮನುಷ್ಯನಿಗೆ ತಕ್ಕಂತೆ ಹೊಂದಿಸಬೇಕು ಎಂದು ಬರೆಯಿತು. ಬ್ರಿಟನ್ನಿನ ಸುರಕ್ಷತಾ ಪ್ರಾಧಿಕಾರ ಒತ್ತಡದ ಮೂಲಗಳನ್ನು ಆರಾಗಿ ವಿಂಗಡಿಸಿದೆ: ಕೆಲಸದ ಹೊರೆ, ತನ್ನ ಕೆಲಸದ ಮೇಲೆ ತನಗಿರುವ ಹಿಡಿತ, ಸಿಗುವ ಬೆಂಬಲ, ಜೊತೆಯವರ ಸಂಬಂಧ, ಪಾತ್ರದ ಸ್ಪಷ್ಟತೆ, ಬದಲಾವಣೆಯನ್ನು ನಿಭಾಯಿಸುವ ರೀತಿ. ನಿಮ್ಮ ದೂರನ್ನು ಈ ಆರು ತಲೆಬರಹಗಳಡಿ ಬರೆದುಕೊಂಡು ನೋಡಿ. ‘ಮ್ಯಾನೇಜರ್ ಕೆಟ್ಟವರು’ ಎಂಬ ಮಾತು, ತನಿಖೆ ಮಾಡಬಹುದಾದ ಸಂಗತಿಗಳಾಗಿ ಬದಲಾಗುತ್ತದೆ. ಆಸ್ಟ್ರೇಲಿಯಾ 2022ರಲ್ಲಿ ತನ್ನ ಮಾದರಿ ನಿಯಮಗಳಲ್ಲಿ ಮನಸ್ಸಿಗೆ ಆಗುವ ಅಪಾಯವನ್ನು ರಾಸಾಯನಿಕ, ಯಂತ್ರಗಳ ಅಪಾಯದ ಸಾಲಿಗೆ ತಂದಿತು. ಜಪಾನಿನಲ್ಲಿ 50 ಅಥವಾ ಹೆಚ್ಚು ಜನ ದುಡಿಯುವ ಕಡೆ ವರ್ಷಕ್ಕೊಮ್ಮೆ ಒತ್ತಡದ ತಪಾಸಣೆ 2015ರ ಡಿಸೆಂಬರಿನಿಂದ ಕಡ್ಡಾಯ. ಅದರ ಫಲಿತಾಂಶ ನೇರ ನೌಕರನ ಕೈಗೆ ಹೋಗುತ್ತದೆ, ಅವನ ಒಪ್ಪಿಗೆ ಇಲ್ಲದೆ ಮಾಲೀಕನಿಗೆ ಸಿಗುವಂತಿಲ್ಲ. ತಪಾಸಣೆ ಮಾಡುತ್ತೇವೆ ಎಂದು ಹೊರಡುವ ಯಾವ ದೇಶವೂ ಈ ಕೊನೆಯ ಷರತ್ತನ್ನು ಬಿಡಬಾರದು.

ಭಾರತದಲ್ಲಿ ಈ ಬಾಗಿಲು ಇನ್ನೂ ಸರಿಯಾಗಿ ತೆರೆದಿಲ್ಲ. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಗಾಯ ಅಥವಾ ಔದ್ಯೋಗಿಕ ಕಾಯಿಲೆ ತರುವ ಅಪಾಯಗಳಿಲ್ಲದ ಜಾಗ ಕೊಡಬೇಕು ಎನ್ನುತ್ತದೆ. ಅದರ ಕಾಯಿಲೆಗಳ ಪಟ್ಟಿಯಲ್ಲಿ ಸೀಸದ ವಿಷ, ಸಿಲಿಕೋಸಿಸ್, ಸದ್ದಿನಿಂದ ಬರುವ ಕಿವುಡು ಇವೆ, ಮಾನಸಿಕ ಕಾಯಿಲೆ ಒಂದೂ ಇಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ತನ್ನ ಪಟ್ಟಿಗೆ ಇವನ್ನು 2010ರಲ್ಲೇ ಸೇರಿಸಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆಯ ಹಕ್ಕು, ಗೋಪ್ಯತೆಯ ಹಕ್ಕು, ವಿಮೆಯಲ್ಲಿ ದೇಹದ ಕಾಯಿಲೆಗೆ ಸಮನಾದ ಹಕ್ಕು ಕೊಟ್ಟಿದೆ. ಮಾನಸಿಕ ಕಾಯಿಲೆ ಇದೆ ಎಂದ ಮಾತ್ರಕ್ಕೆ ವ್ಯಕ್ತಿಗೆ ಸ್ಥಿಮಿತವಿಲ್ಲ ಎಂದು ಅರ್ಥವಲ್ಲ ಎಂದೂ ಸ್ಪಷ್ಟಪಡಿಸಿದೆ. ಆದರೆ ಅದು ಮಾತಾಡುವುದು ರೋಗಿಯೊಂದಿಗೆ ಮತ್ತು ಆಸ್ಪತ್ರೆಯೊಂದಿಗೆ, ರೋಗ ತರಿಸುವ ಕೆಲಸದೊಂದಿಗೆ ಅಲ್ಲ. ಕಾನೂನು ನೌಕರನಿಗೆ ಏನಾಗಿದೆ ಎಂದಷ್ಟೇ ಕೇಳಿದರೆ ಸಾಲದು, ಕೆಲಸ ಹೇಗಿದೆ ಎಂದೂ ಕೇಳಬೇಕು. ಅದಾಗದ ತನಕ ಕಂಪನಿಗಳು ಧ್ಯಾನದ ಆ್ಯಪ್ ಹಂಚಿ, ಆಪ್ತಸಲಹೆಯ ಒಂದು ಫೋನ್ ನಂಬರ್ ಕೊಟ್ಟು ಕೈತೊಳೆದುಕೊಳ್ಳುತ್ತವೆ. ಓಡುವ ಬೆಲ್ಟಿಗೆ ಕವಚ ಹಾಕದೆ ಗಾಯಕ್ಕೆ ಮುಲಾಮು ಹಂಚಿದ ಹಾಗೆ ಅದು. ಹ್ಯಾಟನ್ ತೀರ್ಪು ಆಪ್ತಸಲಹಾ ಸೇವೆ ಇದ್ದರೆ ಸಂಸ್ಥೆ ಬಹುತೇಕ ಪಾರು ಎಂಬ ಅರ್ಥದಲ್ಲಿ ಮಾತಾಡಿತ್ತು. 2007ರಲ್ಲಿ ಇಂಟೆಲ್ ಕಂಪನಿಯ ವಿರುದ್ಧ ಡಾ (Daw) ಎಂಬ ನೌಕರೆ ಹೂಡಿದ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಹೊರೆ ಇಳಿಸಬೇಕಾದ ಕಡೆ ಸಲಹಾ ಸೇವೆಯೊಂದೇ ಸಂಸ್ಥೆಯನ್ನು ಕಾಪಾಡದು ಎಂದು ತಿದ್ದಿತು. ಸರಿಯಾದ ತಿದ್ದುಪಡಿ.

ಎಲ್ಲರೆದುರು ಬೈಯುವುದರ ಬಗ್ಗೆ. ಇದಕ್ಕೆ ಪ್ರತ್ಯೇಕ ಕಾನೂನು ಇರುವ ದೇಶಗಳಿವೆ. ಸ್ವೀಡನ್ 1993ರಲ್ಲೇ ನಿಯಮ ತಂದಿತು, ಫ್ರಾನ್ಸ್ 2002ರಲ್ಲಿ ಕೆಲಸದ ಜಾಗದ ಮಾನಸಿಕ ಕಿರುಕುಳವನ್ನು ಅಪರಾಧವಾಗಿಸಿತು, ಕೆನಡಾದ ಕ್ವಿಬೆಕ್ 2004ರಲ್ಲಿ ಹಿಂಬಾಲಿಸಿತು. ಫ್ರಾನ್ಸ್ ಟೆಲಿಕಾಂ ಪ್ರಕರಣದಲ್ಲಿ 22,000 ಜನರನ್ನು ಹೊರಗೆ ಹಾಕುವ ಯೋಜನೆಗಾಗಿ ನೌಕರರ ಬದುಕನ್ನು ಬೇಕೆಂದೇ ಅಸಹನೀಯಗೊಳಿಸಿದ್ದಕ್ಕೆ, ಹಲವರ ಆತ್ಮಹತ್ಯೆಗಳ ನಂತರ, ಸಂಸ್ಥೆಗೂ ಅದರ ಹಳೆಯ ಮುಖ್ಯಸ್ಥರಿಗೂ 2019ರ ಡಿಸೆಂಬರಿನಲ್ಲಿ ಶಿಕ್ಷೆಯಾಯಿತು. ಆ ಮುಖ್ಯಸ್ಥರು ಒಬ್ಬೊಬ್ಬ ನೌಕರನನ್ನೂ ಎದುರು ನಿಂತು ಬೈದವರಲ್ಲ. ಸಂಸ್ಥೆಯ ನೀತಿಯೇ ಕಿರುಕುಳವಾಗಬಹುದು ಎಂಬ ಆ ನಿಲುವನ್ನು ದೇಶದ ಉನ್ನತ ನ್ಯಾಯಾಲಯ 2025ರ ಜನವರಿಯಲ್ಲಿ ಎತ್ತಿಹಿಡಿಯಿತು. ಭಾರತದಲ್ಲಿ ಮಾಮೂಲಿ ದಬ್ಬಾಳಿಕೆಗೆ ಪ್ರತ್ಯೇಕ ಕಾಯ್ದೆ ಇಲ್ಲ. 2013ರ ಕಾಯ್ದೆ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳಕ್ಕೆ ಸೀಮಿತ. ಆದರೆ ಅದರಡಿ ಪರಿಹಾರ ನಿಗದಿ ಮಾಡುವಾಗ ಮಾನಸಿಕ ಆಘಾತ, ನೋವುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ವಿಚಾರಣೆ ನಡೆಯುವಾಗ ಮೂರು ತಿಂಗಳವರೆಗೆ ರಜೆ ಕೊಡಿಸಬಹುದು. ಬೈಗುಳದಲ್ಲಿ ಅಂಥ ಅಂಶವಿದ್ದರೆ ಮರೆಯಬೇಡಿ. ದೂರಿಗೆ ಇರುವ ಗಡುವು ಮೂರು ತಿಂಗಳು.

ರಾತ್ರಿಯ ಮೆಸೇಜಿಗೆ ಉತ್ತರಿಸದಿರುವ ಹಕ್ಕು ಫ್ರಾನ್ಸಿನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟಿನಿಂದ ಇದೆ. ಭಾರತದಲ್ಲಿ ಇಲ್ಲ. ಎಲ್ಲೇ ಇದ್ದರೂ ಆ ಮೆಸೇಜುಗಳನ್ನು ಅಳಿಸಬೇಡಿ. ಸಮಯದ ಗುರುತು ಇರುವ ಅಂಥ ದಾಖಲೆಗಿಂತ ಒಳ್ಳೆಯ ಸಾಕ್ಷಿ ನಿಮಗೆ ಸಿಗುವುದಿಲ್ಲ.

ಫಿಟ್‌ನೆಸ್ ಸರ್ಟಿಫಿಕೇಟ್ ಕೇಳಿದ್ದು ತಪ್ಪಲ್ಲ, ಆದರೆ ಅದರಲ್ಲಿ ಏನಿರಬೇಕು ಎಂಬುದು ನಿಮ್ಮ ಮತ್ತು ವೈದ್ಯರ ಕೈಯಲ್ಲಿದೆ. ಕೆಲಸ ಮಾಡಲು ಶಕ್ತರು, ಇಷ್ಟು ತಿಂಗಳು ಈ ಮಿತಿಗಳು ಇರಬೇಕು ಎಂದಷ್ಟೇ ಬರೆಸಿ. ರೋಗದ ಹೆಸರು, ಮಾತ್ರೆಗಳ ಪಟ್ಟಿ, ಆಪ್ತಸಲಹೆಯ ಟಿಪ್ಪಣಿ ಬೇಕಿಲ್ಲ. ಅಮೆರಿಕದಲ್ಲಿ ಇಂಥ ದಾಖಲೆಯನ್ನು ಮಾಮೂಲಿ ಕಡತದಿಂದ ಬೇರೆಯೇ ಇಡಬೇಕು. ಯುರೋಪಿನ ದತ್ತಾಂಶ ನಿಯಮದಲ್ಲಿ ಆರೋಗ್ಯದ ಮಾಹಿತಿಗೆ ವಿಶೇಷ ರಕ್ಷಣೆ ಇದೆ. ಭಾರತದಲ್ಲಿ ನಿಮ್ಮ ವೈದ್ಯರು ಕಾಯ್ದೆಯ ಪ್ರಕಾರ ಗೋಪ್ಯತೆಗೆ ಬದ್ಧರು, ಕಂಪನಿ ಫೋನ್ ಮಾಡಿ ಕೇಳಿದ ಮಾತ್ರಕ್ಕೆ ಹೇಳುವಂತಿಲ್ಲ. ಆದರೆ ಒಂದು ಕಹಿ ಸತ್ಯ ತಿಳಿದಿರಲಿ. ಮುಂದೆ ವ್ಯಾಜ್ಯವಾಗಿ ಕಾಯಿಲೆಯ ಆಧಾರದ ಮೇಲೆಯೇ ರಕ್ಷಣೆ ಅಥವಾ ಪರಿಹಾರ ಕೇಳಿದರೆ ವೈದ್ಯಕೀಯ ದಾಖಲೆ ಎದುರು ಪಕ್ಷದ ಕೈಗೂ ಹೋಗುತ್ತದೆ. ಆ ಹೆಜ್ಜೆ ಇಡುವ ಮುನ್ನ ಯೋಚಿಸಲು ನಿಮಗೆ ಸಮಯವಿದೆ, ಇಂದಿನ ಪತ್ರಕ್ಕೆ ಅದು ಬೇಕಿಲ್ಲ.

ಪತ್ರ ಹೀಗಿದ್ದರೆ ಸಾಕು: ‘ಕೆಲವು ತಿಂಗಳಿಂದ ನಾನು ಆರೋಗ್ಯದ ತೊಂದರೆಯೊಂದಕ್ಕೆ ವೈದ್ಯರ ಚಿಕಿತ್ಸೆಯಲ್ಲಿದ್ದೇನೆ. ಇಂಥ ತಿಂಗಳಿಂದ ಕೆಲಸದ ಹೊರೆ ಎರಡು ಪಟ್ಟಾಗಿದೆ, ಕೆಲಸದ ಸಮಯದ ನಂತರವೂ ಸೂಚನೆಗಳು ಬರುತ್ತಿವೆ, ಇದರಿಂದ ನನ್ನ ಆರೋಗ್ಯ ಹದಗೆಡುತ್ತಿದೆ. ವೈದ್ಯರ ಸಲಹೆಯಂತೆ ನನಗೆ ಈ ಮೂರು ಬದಲಾವಣೆಗಳು ಬೇಕು. ಇದರ ಬಗ್ಗೆ ಚರ್ಚಿಸಲು ಸಮಯ ಕೊಡಿ. ಈ ಮಾಹಿತಿಯನ್ನು ಗೋಪ್ಯವಾಗಿಡಿ.’ ಎಚ್.ಆರ್. ವಿಭಾಗಕ್ಕೆ ಇಮೇಲಿನಲ್ಲಿ ಕಳುಹಿಸಿ. ಅದರ ಒಂದು ಪ್ರತಿಯನ್ನು ನಿಮ್ಮ ಸ್ವಂತ ವಿಳಾಸಕ್ಕೂ ಹಾಕಿಕೊಳ್ಳಿ, ಆದರೆ ಕಂಪನಿಯ ಬೇರೆ ಗೋಪ್ಯ ಕಡತಗಳನ್ನು ಹೊರಗೆ ಕಳುಹಿಸಬೇಡಿ, ಅದೇ ನಿಮ್ಮನ್ನು ತೆಗೆಯಲು ನೆಪವಾಗಬಹುದು. ಸಭೆ ನಡೆದರೆ ಅಂದೇ ಸಂಜೆ ‘ಇಂದು ಹೀಗೆ ಮಾತಾಯಿತು’ ಎಂದು ನಾಲ್ಕು ಸಾಲಿನ ಮೇಲ್ ಹಾಕಿ.

ರಾಜೀನಾಮೆಯ ಬಗ್ಗೆ ನೀವು ಕೇಳಿಲ್ಲ, ಆದರೆ ಇಂಥ ಸ್ಥಿತಿಯಲ್ಲಿ ಇರುವವರಲ್ಲಿ ಹಲವರು ಒಂದು ಕೆಟ್ಟ ರಾತ್ರಿ ಅದನ್ನು ಕಳುಹಿಸಿಬಿಡುತ್ತಾರೆ. ರಾಜೀನಾಮೆ ಕೊಟ್ಟವರಿಗೆ ಮೇಲೆ ಹೇಳಿದ ರಕ್ಷಣೆಗಳಲ್ಲಿ ಅರ್ಧ ಕೈತಪ್ಪುತ್ತದೆ, ‘ಸ್ವಂತ ಇಚ್ಛೆಯಿಂದ ಹೋದರು’ ಎಂಬ ಒಂದು ಸಾಲು ಸಂಸ್ಥೆಗೆ ಸಾಕು. ಮೊದಲು ವೈದ್ಯರ ಚೀಟಿಯ ಮೇಲೆ ರಜೆ ಹಾಕಿ. ಮನಸ್ಸು ತೀರ ಕೆಟ್ಟ ದಿನ ವೈದ್ಯರಿಗೆ ಫೋನ್ ಮಾಡಿ, ವಕೀಲರು ಆಮೇಲೆ. ಈಗಾಗಲೇ ಕಳುಹಿಸಿಬಿಟ್ಟಿದ್ದರೂ ಎಲ್ಲ ಮುಗಿಯಿತು ಎಂದುಕೊಳ್ಳಬೇಡಿ. ಮುಂದಿನ ದಿನಾಂಕದಿಂದ ಜಾರಿಗೆ ಬರುವ ರಾಜೀನಾಮೆಯನ್ನು ಆ ದಿನಾಂಕದ ಮೊದಲು ಹಿಂತೆಗೆದುಕೊಳ್ಳಬಹುದು ಎಂದು ಭಾರತದ ಸುಪ್ರೀಂ ಕೋರ್ಟ್ 1978ರಲ್ಲೇ ಗೋಪಾಲ ಚಂದ್ರ ಮಿಶ್ರಾ ಪ್ರಕರಣದಲ್ಲಿ ಹೇಳಿದೆ, ಸೇವಾ ನಿಯಮ ಬೇರೆ ಹೇಳದಿದ್ದರೆ ಅದನ್ನು ಆಧರಿಸಬಹುದು. ವರ್ಗವಾಗಿ ಬೇರೆ ದೇಶಕ್ಕೆ ಹೋದರೆ ಅಲ್ಲಿನ ಗಡುವುಗಳನ್ನು ಮೊದಲ ವಾರವೇ ಕೇಳಿ ತಿಳಿದುಕೊಳ್ಳಿ. ಅಮೆರಿಕದಲ್ಲಿ ತಾರತಮ್ಯದ ದೂರನ್ನು ಆಯೋಗಕ್ಕೆ ಕೊಡಲು ರಾಜ್ಯವನ್ನು ಅನುಸರಿಸಿ 180 ಅಥವಾ 300 ದಿನ ಇರುತ್ತದೆ, ಆ ದಿನಗಳು ನೀವು ಹಾಸಿಗೆಯಲ್ಲಿದ್ದಾಗಲೂ ಕಳೆಯುತ್ತಲೇ ಇರುತ್ತವೆ.